ವಿಶೇಷ ಅಗತ್ಯವುಳ್ಳ ಮಕ್ಕಳ ಪಾಲನೆ ಮತ್ತು ಉದ್ಯೋಗದ ರಜೆಯ ನಿಯಮಗಳು

ಉದ್ಯೋಗಸ್ಥರಾದ ತಾಯಿತಂದೆಗಳ ಸಂಸಾರಭಾರವನ್ನು ಕುರಿತ ವಿವೇಚನೆಗಳಲ್ಲಿ ಸಾಮಾನ್ಯವಾಗಿ ಅಂಗೀಕೃತವಾಗಿರುವ ಭಾವನೆಯೊಂದುಂಟು: ಪಾಲನೆಯ ಹೊಣೆ ಮೊದಲ ಕೆಲವು ವರ್ಷಗಳಲ್ಲಿ ಅಧಿಕವಾಗಿದ್ದು, ಮಗು ಬೆಳೆದಂತೆಲ್ಲ ಕ್ರಮೇಣ ಇಳಿಯುತ್ತದೆಂಬುದೇ ಅದು. ಹೆರಿಗೆಯ ರಜೆ, ಶಿಶುವಿಹಾರ ಮೊದಲಾದ ಸೌಕರ್ಯಗಳೆಲ್ಲ ಈ ತಳಹದಿಯ ಮೇಲೆಯೇ ನಿಂತಿವೆ. ಮಿದುಳಿನ ಪಾರ್ಶ್ವವಾಯು, ಆಟಿಸಂ, ತೀವ್ರವಾದ ಬೌದ್ಧಿಕ ನ್ಯೂನತೆ ಮುಂತಾದುವುಗಳಿಗೆ ಒಳಗಾದ ಅನೇಕ ಮಕ್ಕಳ ವಿಷಯದಲ್ಲಿ ಈ ಲೆಕ್ಕ ನಡೆಯದು. ನಡೆಯಲಾರದ ಎರಡು ವರ್ಷದ ಕೂಸನ್ನು ಎತ್ತಿ ಸ್ನಾನ ಮಾಡಿಸುವುದಕ್ಕಿಂತ ನಡೆಯಲಾರದ ಹದಿನಾಲ್ಕು ವರ್ಷದ ಮಗನನ್ನು ಎತ್ತುವುದು ಕಷ್ಟ. ಅಷ್ಟರಲ್ಲಿ ತಾಯಿಗೂ ವಯಸ್ಸಾಗಿರುತ್ತದೆ.

ಪಾಲನೆಯ ಕಾಲಾವಧಿ ದೀರ್ಘವೆಂಬುದು ಒಂದು ವಿಷಯವಾದರೆ, ಆ ಕಾಲವು ಹಂಚಿಕೆಯಾಗಿರುವ ಬಗೆ ಮತ್ತೊಂದು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆಗಳಲ್ಲಿ ಕಿವಿ ಕೇಳಿಸದ ಮಗುವಿಗೆ ಕೊಡುವ ಶಿಕ್ಷಣವನ್ನು ವಾಚಕರು ಗಮನಿಸಬಹುದು. ಶ್ರವಣಸಾಧನವನ್ನು ಕೊಟ್ಟಮಾತ್ರಕ್ಕೆ ಮಾತು ಬರುವುದಿಲ್ಲ. ಭಾಷೆ ಬೇರೂರುವ ಮೊದಲ ವರ್ಷಗಳಲ್ಲಿ, ಚಿಕಿತ್ಸಕರು ತೋರಿಸಿದ ಪಾಠವನ್ನು ಮನೆಯವರು ದಿನವೂ ಮನೆಯಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ಚಿಕಿತ್ಸೆಯ ವೇಳೆಯಾದರೋ ಕಚೇರಿಯ ಮತ್ತು ಕಾಲೇಜಿನ ವೇಳೆಯೇ. ವಾರಕ್ಕೆರಡು ಪೂರ್ವಾಹ್ನಗಳು, ವರ್ಷಾನುಗಟ್ಟಲೆ: ಬೇಡಿಕೆ ಇಷ್ಟೇ, ಆದರೆ ಬಿಡುವಿಲ್ಲದ್ದು.

ಈ ಬೇಡಿಕೆಯನ್ನು ಯಾರು ಪೂರೈಸುತ್ತಾರೆಂಬ ವಿಷಯದಲ್ಲಿ ಸಂದೇಹವಿರಲಾರದು. ೨೦೧೯ರ ರಾಷ್ಟ್ರೀಯ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ್ದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ ೧೩೪ ನಿಮಿಷಗಳನ್ನೂ ಪುರುಷರು ೭೬ ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಮನೆಗೆಲಸದಲ್ಲಿ ಅಂತರ ಇನ್ನೂ ಹೆಚ್ಚು: ೨೯೯ ಮತ್ತು ೯೭. ಇವು ಎಲ್ಲ ಬಗೆಯ ಸಂಸಾರಗಳ ಸರಾಸರಿಗಳೆಂಬುದನ್ನು ನೆನಪಿನಲ್ಲಿಡಬೇಕು.

ಈಗ ರಜೆಯ ನಿಯಮಗಳಿಗೆ ಬರೋಣ. ಕೇಂದ್ರ ಸರ್ಕಾರವು ೨೦೦೮ರಲ್ಲಿ ತನ್ನ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯನ್ನು ಜಾರಿಗೆ ತಂದಿತು. ಕೇಂದ್ರ ರಜಾ ನಿಯಮಾವಳಿಯ ೪೩-ಸಿ ನಿಯಮದಂತೆ ಇಡೀ ಸೇವಾವಧಿಯಲ್ಲಿ, ಮೊದಲ ಇಬ್ಬರು ಮಕ್ಕಳ ಸಲುವಾಗಿ, ಒಟ್ಟು ೭೩೦ ದಿನಗಳು ಸಲ್ಲುತ್ತವೆ. ಮಗುವಿನ ವಯಸ್ಸಿನ ಮಿತಿ ೧೮. ಶೇಕಡ ೪೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ ಮೊದಲು ೨೨ ಎಂದಿದ್ದ ಮಿತಿಯನ್ನು ೨೦೧೮ರಲ್ಲಿ ತೆಗೆದುಹಾಕಲಾಯಿತು. ಆ ವರ್ಷವೇ ಒಂಟಿಯಾಗಿ ಮಕ್ಕಳನ್ನು ಸಾಕುವ ತಂದೆಗೂ ಈ ಹಕ್ಕು ದೊರಕಿತು. ಮೊದಲ ೩೬೫ ದಿನಗಳಿಗೆ ಪೂರ್ಣ ವೇತನ, ಉಳಿದವಕ್ಕೆ ಶೇಕಡ ೮೦.

ಈ ನಿಯಮದ ಬೆಲೆಯೇನೆಂಬುದು ಅದು ಇಲ್ಲದ ಕಡೆ ಸ್ಪಷ್ಟವಾಗುತ್ತದೆ. ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಭೂಗೋಳಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯೊಬ್ಬರ ಮಗನಿಗೆ ಹುಟ್ಟಿನಿಂದಲೇ ಎಲುಬುಗಳು ಸುಲಭವಾಗಿ ಮುರಿಯುವ ಅಪೂರ್ವವಾದ ಅನುವಂಶಿಕ ವ್ಯಾಧಿ. ಹಲವು ಶಸ್ತ್ರಚಿಕಿತ್ಸೆಗಳು ನಡೆದುವು. ತಾಯಿಗೆ ಸಲ್ಲುತ್ತಿದ್ದ ರಜೆಯೆಲ್ಲ ಅದರಲ್ಲೇ ತೀರಿತು. ಆ ರಾಜ್ಯವು ೪೩-ಸಿ ನಿಯಮವನ್ನು ಅಳವಡಿಸಿಕೊಂಡಿರಲಿಲ್ಲವಾದುದರಿಂದ ಶಿಶುಪಾಲನಾ ರಜೆ ನಿರಾಕೃತವಾಯಿತು. ೨೦೨೧ರಲ್ಲಿ ಉಚ್ಚ ನ್ಯಾಯಾಲಯವೂ ಅರ್ಜಿಯನ್ನು ತಳ್ಳಿಹಾಕಿತು. ೨೦೨೪ರ ಏಪ್ರಿಲ್ ೨೨ರಂದು ಸರ್ವೋಚ್ಚ ನ್ಯಾಯಾಲಯವು ವಿಷಯವನ್ನು ಬೇರೆ ದೃಷ್ಟಿಯಿಂದ ನೋಡಿತು. ಸ್ತ್ರೀಯರು ಉದ್ಯೋಗದಲ್ಲಿರುವುದು ಯಾರೋ ದಯಪಾಲಿಸಿದ ಅನುಗ್ರಹವಲ್ಲ, ಸಂವಿಧಾನದ ೧೫ನೆಯ ಅನುಚ್ಛೇದವು ರಕ್ಷಿಸುವ ಹಕ್ಕು. ಇಂತಹ ರಜೆಯನ್ನು ನಿರಾಕರಿಸಿದರೆ ತಾಯಿ ಕೆಲಸವನ್ನೇ ಬಿಡಬೇಕಾದೀತು ಎಂಬುದು ಅದರ ಅಭಿಪ್ರಾಯ. ನೀತಿಯ ಪುನರ್ವಿಮರ್ಶೆಗಾಗಿ ಮುಖ್ಯ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿಯನ್ನು ರಚಿಸುವಂತೆ ಆಜ್ಞೆಯಾಯಿತು. ನಮ್ಮ ಕರ್ನಾಟಕದಲ್ಲಿ ೨೦೨೧ರಲ್ಲಿ ಸರ್ಕಾರಿ ಮಹಿಳಾ ನೌಕರರಿಗೆ ಮಂಜೂರಾದ ಶಿಶುಪಾಲನಾ ರಜೆ ೧೮೦ ದಿನಗಳದು.

ಆದರೂ ಕೇಂದ್ರದ ನಿಯಮವು ಉದಾರವಾದುದೆಂದ ಮಾತ್ರಕ್ಕೆ ಉದ್ದೇಶಕ್ಕೆ ಒದಗುವುದೆಂದು ಹೇಳಲಾಗದು. ಒಮ್ಮೆಗೆ ಐದು ದಿನಗಳಿಗಿಂತ ಕಡಿಮೆ ರಜೆ ದೊರೆಯದು. ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚಾಗಿ, ಒಂಟಿ ತಾಯಿಯಾದರೆ ಆರು ಸಲಕ್ಕಿಂತ ಹೆಚ್ಚಾಗಿ, ಪಡೆಯುವಂತಿಲ್ಲ. ಶಸ್ತ್ರಚಿಕಿತ್ಸೆಗೂ ಪರೀಕ್ಷೆಯ ಕಾಲಕ್ಕೂ ಇದು ಸರಿ. ಮೇಲೆ ಹೇಳಿದ ವಾರಕ್ಕೆರಡು ಪೂರ್ವಾಹ್ನಗಳಿಗೆ ಇದರಿಂದ ಏನೂ ದೊರೆಯುವುದಿಲ್ಲ. ವರ್ಷಕ್ಕೆ ೪೮ ವಾರಗಳೆಂದು ಹಿಡಿದರೆ ವಾರಕ್ಕೆರಡು ಅರ್ಧದಿನಗಳು ೪೮ ದಿನಗಳಾಗುತ್ತವೆ. ೭೩೦ ದಿನಗಳು ಹದಿನೈದು ವರ್ಷಗಳಿಗೆ ಸಾಕಾಗಿ ಹತ್ತು ದಿನ ಉಳಿಯುತ್ತವೆ. ಕಣಜದಲ್ಲಿ ಕಾಳಿದೆ, ಸೇರಿನಿಂದ ಅಳೆದುಕೊಡಲು ಒಪ್ಪುವುದಿಲ್ಲ, ಮೂಟೆಯಲ್ಲೇ ಒಯ್ಯಬೇಕೆಂಬ ಸ್ಥಿತಿ ಇದು. ರಜೆಯನ್ನು ಅರ್ಧದಿನಗಳಾಗಿ ಒಡೆಯಲು ಅನುಮತಿಯಿತ್ತರೆ ಬೊಕ್ಕಸಕ್ಕೆ ಒಂದು ದಿನದ ವೇತನವೂ ಹೆಚ್ಚಾಗದೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ.

ಮತ್ತೊಂದು ತೊಡಕುಂಟು. ಹೆಂಡತಿಯಿರುವ ತಂದೆಗೆ ಈ ರಜೆಯಿಲ್ಲ; ಹೀಗಾಗಿ, ತಾಯಿಗೆ ಸಹಾಯವಾಗಲೆಂದು ಹೊರಟ ನಿಯಮವು ಪಾಲನೆಯನ್ನು ತಾಯಿಯೊಬ್ಬಳ ಕರ್ತವ್ಯವೆಂದೇ ಮುದ್ರೆಯೊತ್ತುತ್ತದೆ. ವರ್ಗಾವಣೆಯ ವಿಷಯದಲ್ಲಿ ಕೇಂದ್ರವು ಈ ಭೇದವನ್ನು ಮಾಡಿಲ್ಲ: ೨೦೧೪ರ ಆದೇಶದಂತೆ, ವಿಕಲಚೇತನ ಮಗುವಿನ ಮುಖ್ಯ ಪಾಲಕರಾದ ನೌಕರರು, ತಂದೆಯಾಗಲಿ ತಾಯಿಯಾಗಲಿ, ಸರದಿಯ ವರ್ಗಾವಣೆಯಿಂದ ವಿನಾಯಿತಿಯನ್ನು ಕೋರಬಹುದು. ಚಿಕಿತ್ಸಕರೂ ಶಾಲೆಯೂ ಹೊಸ ಊರಿನಲ್ಲಿ ಸುಲಭವಾಗಿ ದೊರೆಯವೆಂಬ ವಸ್ತುಸ್ಥಿತಿಯನ್ನು ಅದು ಗ್ರಹಿಸಿದೆ.

ಇವೆಲ್ಲವೂ ಖಾಯಂ ಸರ್ಕಾರಿ ನೌಕರರ ಮಾತು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ವೈಕಲ್ಯಗಳ ಪಟ್ಟಿಯನ್ನು ೭ರಿಂದ ೨೧ಕ್ಕೆ ವಿಸ್ತರಿಸಿತು. ವೇತನವಿಲ್ಲದೆ ಆರೈಕೆ ಮಾಡುವ ತಾಯಿತಂದೆಗಳನ್ನೂ ಪಾಲಕರೆಂದು ಹೆಸರಿಸಿತು. ಆದರೆ ಉದ್ಯೋಗವನ್ನು ಕುರಿತ ಅದರ ವಿಧಿಗಳು ವಿಕಲಚೇತನ ನೌಕರರನ್ನು ಉದ್ದೇಶಿಸಿವೆಯೇ ಹೊರತು ಅವರ ತಾಯಿತಂದೆಗಳನ್ನಲ್ಲ. ಯುರೋಪಿನ ನ್ಯಾಯಾಲಯವು ೨೦೦೮ರಲ್ಲಿಯೇ, ಇಂಗ್ಲೆಂಡಿನ ವಕೀಲ ಸಂಸ್ಥೆಯೊಂದರ ಮಹಿಳಾ ಕಾರ್ಯದರ್ಶಿಯ ದಾವೆಯಲ್ಲಿ, ಮಗುವಿನ ವೈಕಲ್ಯದ ಕಾರಣದಿಂದ ನೌಕರರನ್ನು ಕೀಳಾಗಿ ಕಾಣುವುದೂ ನಿಷಿದ್ಧವಾದ ಭೇದಭಾವವೇ ಎಂದು ತೀರ್ಮಾನಿಸಿತ್ತು. ನಮ್ಮಲ್ಲಿ ಖಾಸಗಿ ಸಂಸ್ಥೆಯ ನೌಕರಳಿಗೆ ೨೦೧೭ರ ತಿದ್ದುಪಡಿ ೨೬ ವಾರಗಳ ಹೆರಿಗೆಯ ರಜೆಯನ್ನು ತಂದಿತು. ಆ ೨೬ ವಾರಗಳು ಮುಗಿಯುವ ವೇಳೆಗೆ ಆಟಿಸಂನಂತಹ ಸ್ಥಿತಿ ಮಗುವಿನಲ್ಲಿ ಗೊತ್ತಾಗಿರುವುದೂ ಇಲ್ಲ.