ಗಾಳಿ ಇಳಿಸುವವರು

ನಿದ್ದೆ ಹತ್ತಿರ ಸುಳಿಯುವುದಿಲ್ಲ, ಎದೆ ಡವಗುಟ್ಟುತ್ತದೆ, ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕಾಲೊನಿಯ ವೈದ್ಯರಲ್ಲಿ ಇದಕ್ಕೊಂದು ಹೆಸರಿದೆ, ‘ಲುಂಗ್’. ಅಂದರೆ ಗಾಳಿ. ಆಯುರ್ವೇದದ ವಾತಕ್ಕೆ ಇದು ದಾಯಾದಿ. ಟಿಬೆಟ್ ವೈದ್ಯದ ಮೂಲಗ್ರಂಥ ‘ಗ್ಯುಶಿ’ ವಾಗ್ಭಟನ ‘ಅಷ್ಟಾಂಗಹೃದಯ’ದಿಂದ ಧಾರಾಳವಾಗಿ ಪಡೆದುಕೊಂಡಿದೆ. ದುಃಖ, ಭಯ, ಬಿಡದ ಚಿಂತೆ ಈ ಗಾಳಿಯನ್ನು ಕೆರಳಿಸಿ ಮೇಲಕ್ಕೇರಿಸುತ್ತವಂತೆ. ಅದನ್ನು ಇಳಿಸುವುದೇ ಚಿಕಿತ್ಸೆ.

ಇಳಿಸುವ ಒಂದು ಬಗೆ ‘ಹೋರ್‌ಮೆ’, ಮಂಗೋಲರ ಬೆಂಕಿ. ಹೆಸರು ಕೇಳಿ ಬೆದರಬೇಕಿಲ್ಲ. ಜಾಯಿಕಾಯಿ, ಶಾಜೀರಿಗೆ ಕುಟ್ಟಿ ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟುತ್ತಾರೆ. ಬಿಸಿ ಎಳ್ಳೆಣ್ಣೆಯಲ್ಲಿ ಅದ್ದಿ, ಚರ್ಮ ತಾಳುವಷ್ಟು ಆರಿಸಿ, ನೆತ್ತಿ, ಎದೆಯ ನಡು, ಅಂಗೈ, ಅಂಗಾಲುಗಳಿಗೆ ಒತ್ತುತ್ತಾರೆ. ತಣ್ಣಗಾದರೆ ಗಂಟು ಮತ್ತೆ ಎಣ್ಣೆಗೆ. ಬಾಣಂತಿಗೆ ಕಾವು ಕೊಟ್ಟು ಗೊತ್ತಿರುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣಲಿಕ್ಕಿಲ್ಲ.

ಇದರಿಂದ ಮೈ ಹಗುರಾಯಿತೆಂದರೆ ಒಳಗೆ ಸಿಕ್ಕಿಕೊಂಡಿದ್ದ ದುಃಖ ಎಣ್ಣೆಯ ಜೊತೆ ಹೊರಬಂತೆಂದೇ? ಭಾವನೆ ಕೂಡಿಡುವ ಚೀಲವೊಂದು ಯಾವ ಶವಪರೀಕ್ಷೆಯಲ್ಲೂ ಸಿಕ್ಕಿಲ್ಲ. ಉಳಿಯುವುದು ನರಮಂಡಲದ ಚಾಳಿ. ಅಪಾಯ ಕಳೆದ ಮೇಲೂ ಹೃದಯ ಓಡುತ್ತಲೇ ಇರುತ್ತದೆ, ಭುಜದ ಸ್ನಾಯು ಬಿಗಿದೇ ಇರುತ್ತದೆ. ಬಿಸಿ, ಅವಸರವಿಲ್ಲದ ಕೈ, ನಿಧಾನದ ಉಸಿರು ಆ ಬಿಗಿಯನ್ನು ಸಡಿಲಿಸಬಲ್ಲವು. ಆದರೆ ಸಾಯುವ ಯೋಚನೆ ಬರತೊಡಗಿದರೆ ಎಣ್ಣೆಗಂಟನ್ನೇ ನೆಚ್ಚಿ ಕೂರುವಂತಿಲ್ಲ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಸಿಟ್ಟೆಲ್ಲ ಕಾರಿಬಿಡು, ಹಗುರಾಗ್ತೀಯ’ ಎನ್ನುವವರಿಗೂ ವಿಜ್ಞಾನ ತಲೆದೂಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 600 ವಿದ್ಯಾರ್ಥಿಗಳ ಪ್ರಬಂಧಗಳನ್ನು ಕಟುವಾಗಿ ಹಳಿದು ರೇಗಿಸಲಾಯಿತು. ಹಳಿದವನನ್ನು ನೆನೆನೆನೆದು ಪಂಚಿಂಗ್ ಬ್ಯಾಗ್ ಗುದ್ದಿದವರ ಸಿಟ್ಟೇ ಕೊನೆಗೆ ಎಲ್ಲರಿಗಿಂತ ಹೆಚ್ಚಿತ್ತು. ಎರಡು ನಿಮಿಷ ಸುಮ್ಮನೆ ಕೂತವರೇ ವಾಸಿ.

ಸುಮ್ಮನೆ ಕೂರುವುದರಲ್ಲಿ ಮುಂಡಗೋಡದ ಮಠಗಳು ಪಳಗಿದವು. ಇಲ್ಲಿನ ಡ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ 1994ರಲ್ಲಿ ಗೆಶೆ ಪದವಿ ಪಡೆದ ಲೋಬ್ಸಾಂಗ್ ತೆನ್ಜಿನ್ ನೇಗಿ, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಕರುಣೆಯ ಧ್ಯಾನವನ್ನು ಪಾಠಕ್ರಮವಾಗಿಸಿದರು. ಅದನ್ನು ಒರೆಗೆ ಹಚ್ಚಿದ 2009ರ ಅಧ್ಯಯನವೊಂದರಲ್ಲಿ 61 ವಿದ್ಯಾರ್ಥಿಗಳನ್ನು, ತೀರ್ಪುಗಾರರೆದುರು ಭಾಷಣ ಮಾಡಿಸಿ, ಬಾಯಿಲೆಕ್ಕ ಕೇಳಿ ಬೆವರಿಳಿಸಲಾಯಿತು. ಆರು ವಾರ ಧ್ಯಾನ ಕಲಿತ ಗುಂಪಿಗೂ ಕಲಿಯದ ಗುಂಪಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಕಲಿತವರಲ್ಲೇ ಹೆಚ್ಚು ಅಭ್ಯಾಸ ಮಾಡಿದವರ ರಕ್ತದಲ್ಲಿ ಮಾತ್ರ ಉರಿಯೂತದ ಗುರುತಾದ ಇಂಟರ್‌ಲ್ಯೂಕಿನ್-6 ಕಡಿಮೆ ಏರಿತ್ತು. ಧ್ಯಾನದ ಜಾಹೀರಾತುಗಳು ಈ ಮೊದಲ ಅರ್ಧವನ್ನು ನುಂಗಿಬಿಡುತ್ತವೆ.

ಸುಮ್ಮನೆ ಕೂರದವರೂ ಇದ್ದಾರೆ. ಹಳಿಯಾಳ, ಜೊಯಿಡಾ ಕಡೆಯ ಸಿದ್ದಿ ಸಮುದಾಯದವರು ಡಮಾಮಿ ಬಡಿದು ಗುಂಪಾಗಿ ಕುಣಿಯುತ್ತಾರೆ. ಅದಕ್ಕೆ ಚಿಕಿತ್ಸೆಯೆಂಬ ಹೆಸರೇನಿಲ್ಲ, ಹಬ್ಬ ಅಷ್ಟೇ. ಆದರೂ ಅಂಥ ಕುಣಿತ ಮೈಗೆ ಏನು ಮಾಡುತ್ತದೆಂದು ಬ್ರೊನ್ವಿನ್ ಟಾರ್ ಮತ್ತು ರಾಬಿನ್ ಡನ್ಬಾರ್ ಅವರ ಸಂಶೋಧನಾ ತಂಡ ಬ್ರೆಜಿಲ್‌ನಲ್ಲಿ 264 ಹದಿಹರೆಯದವರ ಮೇಲೆ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿತು. ನೋವಿನ ಅಳತೆಗೆ ಬಳಸಿದ್ದು ಬಿಪಿ ನೋಡುವ ಪಟ್ಟಿ. ತೋಳಿಗೆ ಸುತ್ತಿ ಗಾಳಿ ತುಂಬುತ್ತ ಹೋದಾಗ, ತಮ್ಮ ತಮ್ಮ ಹೆಜ್ಜೆ ಹಾಕಿದವರಿಗಿಂತ ಒಂದೇ ಹೆಜ್ಜೆಗೆ ಕುಣಿದವರು ತಡವಾಗಿ ‘ಸಾಕು’ ಎಂದರು.