ಹಬ್ಬದ ಮನೆಯ ನಾನ್‌ಖಟಾಯಿ

ರಮಝಾನಿನ ಕೊನೆಯ ವಾರ ಬಂತೆಂದರೆ ಸವಣೂರಿನ ನಮ್ಮ ಓಣಿಯ ಮಕ್ಕಳಿಗೆ ಒಂದೇ ಕೆಲಸ. ತಲೆಯ ಮೇಲೆ ತಗಡಿನ ಟ್ರೇ ಹೊತ್ತು ಬೇಕರಿಗೆ ಹೋಗುವುದು. ಟ್ರೇಯಲ್ಲಿ ಅಮ್ಮಿ, ದಾದಿ, ಆಪಾ ಎಲ್ಲರೂ ಸೇರಿ ಉಂಡೆ ಕಟ್ಟಿಟ್ಟ ನಾನ್‌ಖಟಾಯಿ. ಯಾರ ಟ್ರೇ ಯಾವುದೆಂದು ತಿಳಿಯಲು ಕೆಲವರು ಮೇಲೆ ಚಾರೋಳಿ ಇಡುತ್ತಿದ್ದರು, ಕೆಲವರು ಬಾದಾಮಿ ಚೂರು. ನಮ್ಮ ಮನೆಯದಕ್ಕೆ ನಡುವೆ ದಾದಿಯ ಹೆಬ್ಬೆರಳಿನ ಗುರುತು.

ಆಗ ಮನೆಯಲ್ಲಿ ಓವನ್ ಎಲ್ಲಿತ್ತು? ಬೇಕರಿಯಲ್ಲಿ ಬ್ರೆಡ್ಡು, ಬನ್ನು ಬೆಂದು ಮುಗಿದ ಮೇಲೆ ಭಟ್ಟಿಯ ಬಿಸಿ ಮೆಲ್ಲಗೆ ಇಳಿಯುತ್ತದೆ. ಜೋರು ಬಿಸಿಯಲ್ಲಿ ನಾನ್‌ಖಟಾಯಿಯ ತಳ ಸೀದು ಒಳಗೆ ಹಸಿ ಉಳಿಯುತ್ತದೆ. ಆದ್ದರಿಂದ ಆ ಇಳಿಬಿಸಿಯೇ ಅದಕ್ಕೆ ಸರಿಯಾದ ಹದ.

ಒಂದು ವರ್ಷ ಆಟದ ಆತುರದಲ್ಲಿ ನಾನು ಬೇರೆ ಯಾರದೋ ಟ್ರೇ ಹೊತ್ತು ತಂದುಬಿಟ್ಟೆ. ಇಫ್ತಾರಿನ ಬಳಿಕ ಅರ್ಧ ತಿಂದಾದ ಮೇಲೆ ದಾದಿ ಒಂದನ್ನು ಕೈಗೆತ್ತಿಕೊಂಡು ನೋಡಿದರು. ಅದರಲ್ಲಿ ಹೆಬ್ಬೆರಳಿನ ಗುರುತಿರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಅದು ಹೊಲಿಗೆ ಮಾಡಿ ಮಕ್ಕಳನ್ನು ಸಾಕುತ್ತಿದ್ದ ಹಿಂದಿನ ಓಣಿಯ ವಿಧವೆಯೊಬ್ಬರದು. ಅವರು ಮಾಡಿದ್ದು ಅದೊಂದೇ ಟ್ರೇ. ದಾದಿ ನನಗೆ ಬಯ್ಯಲಿಲ್ಲ. ಬೇಕರಿಯಲ್ಲೇ ಉಳಿದಿದ್ದ ನಮ್ಮ ಎರಡೂ ಟ್ರೇಗಳನ್ನು ತರಿಸಿ, ನನ್ನ ತಲೆಯ ಮೇಲೆ ಹೊರಿಸಿ, ತಾವೂ ಜೊತೆಗೆ ಬಂದರು. “ಬೇಟಿ, ನಮಗೆ ಇದು ತಿಂಡಿ. ಅವರ ಮಕ್ಕಳಿಗೆ ಇದೇ ಹಬ್ಬ” ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ.

ಹೆಸರಿನ ಹಿಂದೆ

ನಾನ್ ಎಂದರೆ ಪಾರಸಿಯಲ್ಲಿ ರೊಟ್ಟಿ. ಈ ತಿಂಡಿ ಗುಜರಾತಿನ ಸೂರತ್‌ನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯಲ್ಲಿ ಹುಟ್ಟಿತು ಎಂಬ ಕಥೆ ಪ್ರಚಲಿತವಾಗಿದೆ. ಎಲ್ಲಿ ಹುಟ್ಟಿದರೇನು, ಇಂದು ಅದು ನಮ್ಮದೇ. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿ ಜಿಲ್ಲೆಯವರಾದ ನಮಗಂತೂ ಏಲಕ್ಕಿಯ ಘಮವಿಲ್ಲದ ನಾನ್‌ಖಟಾಯಿ ರುಚಿಸದು.

ಕುಕ್ಕರಿನಲ್ಲೂ ಆಗುತ್ತದೆ

ಈಗ ಹಾನಗಲ್ಲಿನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ ಅಂಗಡಿಗೆ ಹೋದರೆ ಬಿಸ್ಕತ್ತಿನ ಡಬ್ಬಿ ಸಿದ್ಧವಾಗಿ ಸಿಗುತ್ತದೆ. ತರುವುದು ತಪ್ಪಲ್ಲ. ಆದರೆ ನಾಲ್ಕು ಜನ ಸುತ್ತ ಕುಳಿತು ಉಂಡೆ ಕಟ್ಟುವ ಸುಖ ಡಬ್ಬಿಯಲ್ಲಿ ಬರುವುದಿಲ್ಲ. ಓವನ್ ಇಲ್ಲವೆಂಬ ಚಿಂತೆಯೂ ಬೇಡ.

ಕಾಲು ಕಿಲೋ ಮೈದಾ, 50 ಗ್ರಾಂ ಕಡಲೆಹಿಟ್ಟು, 50 ಗ್ರಾಂ ಚಿರೋಟಿ ರವೆ, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಬೆರೆಸಿ ಜರಡಿ ಹಿಡಿಯಿರಿ. 175 ಗ್ರಾಂ ತುಪ್ಪ, ಅಷ್ಟೇ ಪುಡಿ ಸಕ್ಕರೆ ಸೇರಿಸಿ ಬೆಳ್ಳಗಾಗುವವರೆಗೆ ಕೈಯಿಂದ ತಿಕ್ಕಿರಿ. ತುಪ್ಪ ಹೆಪ್ಪುಗಟ್ಟಿರಬೇಕು, ಕರಗಿದ್ದರೆ ಉಂಡೆ ಹರಡಿಹೋಗುತ್ತದೆ. ಎರಡನ್ನೂ ಸೇರಿಸಿ ಹಗುರವಾಗಿ ಕಲಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ನೀರು ಹಾಕದೆ, ರಬ್ಬರು ಮತ್ತು ಸೀಟಿ ತೆಗೆದು 10 ನಿಮಿಷ ಕಾಯಿಸಿ. ನಂತರ ತಟ್ಟೆಯಲ್ಲಿ ಉಂಡೆಗಳನ್ನು ದೂರದೂರ ಇಟ್ಟು ಸಣ್ಣ ಉರಿಯಲ್ಲಿ 20-25 ನಿಮಿಷ ಬೇಯಿಸಿ. ಮೇಲೆ ಬಿರುಕು ಬಿಟ್ಟು ಅಂಚು ತುಸು ಕೆಂಪಾದರೆ ಸಾಕು. ಬಿಸಿಯಲ್ಲಿ ಮೆತ್ತಗಿರುವುದು ಆರಿದ ಮೇಲೆ ಗರಿಯಾಗುತ್ತದೆ.

ಒಂದು ಮಾತು. ಉಪವಾಸವಿದ್ದು, ಇಫ್ತಾರ್, ಸಹರಿ ಎರಡನ್ನೂ ನೋಡಿಕೊಳ್ಳುವ ತಾಯಿಯೊಬ್ಬಳ ಹೆಗಲಿಗೇ ಇದನ್ನೂ ಹೊರಿಸಿದರೆ ಹಬ್ಬ ಆಕೆಗೆ ಆಯಾಸವಾಗುತ್ತದೆ. ಉಂಡೆ ಕಟ್ಟಲು ಗಂಡುಮಕ್ಕಳೂ ಕೂರಲಿ. ಅವರಿಗೂ ಕೈಗಳಿವೆಯಲ್ಲ!

ಖಾಲಿ ಬಾರದ ತಟ್ಟೆ

ನೆರೆಯವಳು ಕೊಟ್ಟ ಕಾಣಿಕೆ ಎಷ್ಟೇ ಅಲ್ಪವಾದರೂ ಅದನ್ನು ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ) ಮುಸ್ಲಿಮ್ ಮಹಿಳೆಯರನ್ನೇ ಉದ್ದೇಶಿಸಿ ಹೇಳಿದ್ದಾರೆ. ಆರು ನಾನ್‌ಖಟಾಯಿಯ ತಟ್ಟೆಯೂ ದೊಡ್ಡ ಕಾಣಿಕೆಯೇ. ಬಡವರಿಗೆ ಸಲ್ಲಬೇಕಾದ ಫಿತ್ರ್ ಝಕಾತ್ ಈದ್ ನಮಾಝಿಗೆ ಮೊದಲೇ ತಲುಪಲಿ. ಅದು ಅವರ ಹಕ್ಕು. ಈ ತಟ್ಟೆ ಪ್ರೀತಿಯದು.

ಪಕ್ಕದ ಮನೆಯ ಅಕ್ಕಾರು ನಮ್ಮ ತಟ್ಟೆಯನ್ನು ಎಂದೂ ಬರಿದಾಗಿ ಕಳಿಸಿದವರಲ್ಲ. “ಖಾಲಿ ತಾಟ ಹ್ಯಾಂಗ ಕೊಡ್ಲಿ?” ಎನ್ನುತ್ತ ಹಿಡಿ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ದೀಪಾವಳಿಗೆ ಅವರ ಮನೆಯ ಕರ್ಚಿಕಾಯಿ ನಮ್ಮಲ್ಲಿಗೆ. ಗೋವಿಂದಭಟ್ಟರ ಶಿಷ್ಯರಾದ ಶರೀಫರು ಬಾಳಿದ ಶಿಶುವಿನಹಾಳ ಇಲ್ಲೇ ಶಿಗ್ಗಾಂವಿ ತಾಲೂಕಿನಲ್ಲಿದೆ. ಆ ನೆಲದ ನಮಗೆ ಈ ಕೊಡುಕೊಳ್ಳುವಿಕೆಯನ್ನು ಹೊರಗಿನವರು ಕಲಿಸಬೇಕಿಲ್ಲ. ನಾವು ಮರೆಯದಿದ್ದರೆ ಸಾಕು.

ಈ ಈದ್‌ಗೆ ನನ್ನ ಮೊಮ್ಮಗಳು ಪ್ರತಿ ಉಂಡೆಯ ಮೇಲೂ ತನ್ನ ಪುಟ್ಟ ಹೆಬ್ಬೆರಳನ್ನು ಒತ್ತಿದಳು. ಮೊದಲ ತಟ್ಟೆ ಯಾರ ಮನೆಗೆ ಎಂದು ಕೇಳಿದಳು. ನಾನು ಸೆರಗು ಸರಿಪಡಿಸಿಕೊಂಡು ಅವಳ ಜೊತೆಗೇ ಹೊರಟೆ.