ಮಳೆಗೆ ಮುಂಚೆ ಮನೆಯಲ್ಲೊಂದು ಮಾತುಕತೆ

ಮೈಸೂರಿಗೆ ಚಂಡಮಾರುತ ಬರುವುದಿಲ್ಲ, ನಮ್ಮ ಬೀದಿಗೆ ನದಿ ನುಗ್ಗುವುದಿಲ್ಲ ಎಂದು ನಾವೆಲ್ಲ ನೆಮ್ಮದಿಯಾಗಿರುತ್ತೇವೆ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆಗಳನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಆಮೇಲೆ ಕಪ್ಪು ಮೋಡ, ಧೂಳೆಬ್ಬಿಸುವ ಗಾಳಿ, ಗುಡುಗು, ಅರ್ಧ ಗಂಟೆಯ ಬಿರುಮಳೆ. ಅಷ್ಟರಲ್ಲೇ ಎಲ್ಲೋ ಮರ ಉರುಳಿರುತ್ತದೆ, ಎಲ್ಲೋ ಕರೆಂಟ್ ತಂತಿ ತುಂಡಾಗಿರುತ್ತದೆ, ಯಾರದೋ ಮನೆಯ ಶೀಟು ಹಾರಿಹೋಗಿರುತ್ತದೆ. ಆ ಅರ್ಧ ಗಂಟೆಯಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ. ಯೋಚನೆಯನ್ನು ಬಿಸಿಲಿರುವಾಗಲೇ ಮುಗಿಸಿಡಬೇಕು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್‌ನಿಂದ 115.5 ಮಿಲಿಮೀಟರ್‌ವರೆಗೆ ಸುರಿದರೆ ಅದು ‘ಭಾರಿ ಮಳೆ’. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 30×40 ಅಡಿ ಸೈಟಿಗೆ ನಾನು ಲೆಕ್ಕ ಹಾಕಿ ನೋಡಿದೆ: 64.5 ಮಿಲಿಮೀಟರ್ ಮಳೆಯಾದರೆ ಸುಮಾರು 7,200 ಲೀಟರ್. ಅಂದರೆ 500 ಲೀಟರಿನ ಹದಿನಾಲ್ಕು ಟ್ಯಾಂಕು ನೀರು! ತಾರಸಿಯ ಕೊಳವೆಯಲ್ಲಿ ಒಣ ಎಲೆಯೋ ಪ್ಲಾಸ್ಟಿಕ್ ಕವರೋ ಸಿಕ್ಕಿಕೊಂಡಿದ್ದರೆ ಈ ನೀರು ಗೋಡೆಗೇ ಇಳಿಯುತ್ತದೆ.

ನೆನೆದ ಗೋಡೆಯನ್ನು ಹಗುರವಾಗಿ ಕಾಣಬೇಡಿ. 2022ರ ಅಕ್ಟೋಬರ್‌ನಲ್ಲಿ ಸತತ ಮಳೆಗೆ ನಮ್ಮ ಅರಮನೆಯ ಕೋಟೆ ಗೋಡೆಯ ಒಂದು ಭಾಗವೇ ಕುಸಿದುಬಿತ್ತು. ಹೀಗಿರುವಾಗ ಹಳೆಯ ಮೊಹಲ್ಲಾಗಳ ಮಣ್ಣಿನ ಗೋಡೆ, ಹೆಂಚಿನ ಮನೆಗಳ ಬಗ್ಗೆ ಹೇಳಬೇಕೆ? ಹೊಸ ಬಿರುಕು, ಉಬ್ಬಿದ ಗೋಡೆ, ಉದುರುವ ಗಾರೆ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಇವೆಲ್ಲ ಎಚ್ಚರಿಕೆಯ ಗುರುತುಗಳು. ಮಳೆ ನಿಂತ ಮೇಲೂ ಗೋಡೆಯೊಳಗಿನ ತೇವ ಆರುವುದಿಲ್ಲ. ಬೀಳುವ ಗೋಡೆ ರಾತ್ರಿ ಮಲಗಿದ್ದಾಗಲೂ ಬೀಳಬಹುದು. ನಮ್ಮ ದಾದಿಯ ಮಂಚ ವರ್ಷಗಳಿಂದ ಹಿಂದಿನ ಹಳೇ ಗೋಡೆಗೆ ಒರಗಿಕೊಂಡೇ ಇತ್ತು. “ನಲವತ್ತು ವರ್ಷ ಏನೂ ಆಗಿಲ್ಲ, ಈಗೇನಾಗುತ್ತೆ?” ಎಂದರು. ಅಬ್ಬು ಟಾರ್ಚ್ ಹಿಡಿದು ಬಿರುಕನ್ನು ತೋರಿಸಿದ ಮೇಲೆ ಒಪ್ಪಿ, ಮಂಚವನ್ನು ಮುಂದಿನ ಕೋಣೆಗೆ ತಂದೆವು.

ಸಿಡಿಲಿನ ವಿಷಯದಲ್ಲಿ ನಮ್ಮ ಭೌತಶಾಸ್ತ್ರವೇ ಸಾಕು. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡ್ ಬೇಕು. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೂ ಹೊರಬರಬೇಡಿ. ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಕಾಯುವುದು, ತಾರಸಿಗೆ ಬಟ್ಟೆ ತರಲು ಓಡುವುದು, ಚಾರ್ಜಿಗೆ ಹಾಕಿದ ಫೋನಿನಲ್ಲಿ ಮಾತಾಡುವುದು ಬೇಡ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಇಟ್ಟುಕೊಂಡರೆ ಹತ್ತಿರದ ಸಿಡಿಲಿನ ಮುನ್ಸೂಚನೆ ಸಿಗುತ್ತದೆ.

ಇನ್ನು ವಿದ್ಯಾರ್ಥಿಗಳಾದ ನಮಗೇ ಸೇರಿದ ಒಂದು ಕೆಲಸವಿದೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೇ ಜೋರಾಗಿ ಸದ್ದು ಮಾಡಿದ್ದು ನೆನಪಿದೆಯೇ? ಅದು ತುರ್ತು ಸಂದೇಶದ ಪರೀಕ್ಷೆ. ಮುಂದೊಂದು ದಿನ ನಿಜವಾದ ಎಚ್ಚರಿಕೆಯೇ ಬರಬಹುದು. ಆದರೆ ಅದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಉರ್ದು ಮಾತ್ರ ಓದಬಲ್ಲ, ಅಥವಾ ಏನನ್ನೂ ಓದಲಾರದ ಹಿರಿಯರು ನಮ್ಮಲ್ಲಿ ಅನೇಕರ ಮನೆಯಲ್ಲಿದ್ದಾರೆ. ಸಂದೇಶ ಅವರ ಕೈಯಲ್ಲಿದ್ದರೂ ಅವರಿಗೆ ತಲುಪಿರುವುದಿಲ್ಲ. ಅದನ್ನು ಮನೆಮಾತಿನಲ್ಲಿ ಓದಿ ಹೇಳಬೇಕಾದವರು ನಾವು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಮೂರು ಬಣ್ಣಗಳ ಅರ್ಥವನ್ನು ಪಕ್ಕದ ಮನೆಯವರಿಗೂ ತಿಳಿಸಿ.

ಈ ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಅರ್ಧ ಗಂಟೆ ಕುಳಿತು ಇವನ್ನು ತೀರ್ಮಾನಿಸಿ:

1. ಮೇನ್ ಸ್ವಿಚ್ ಎಲ್ಲಿದೆ, ಆರಿಸುವವರು ಯಾರು? ನೀರು ಒಳಗೆ ಬಂದಿದ್ದರೆ ಒದ್ದೆ ಕೈ-ಕಾಲಿನಲ್ಲಿ ಅದನ್ನು ಮುಟ್ಟಬಾರದು.
2. ಅಜ್ಜ-ಅಜ್ಜಿ ಮತ್ತು ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಯಾರು, ಯಾರ ಮನೆಗೆ?
3. ಆಧಾರ್, ಪಡಿತರ ಚೀಟಿ, ಮನೆ ಪತ್ರ, ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಎತ್ತರದ ಜಾಗದಲ್ಲಿ ಇವೆಯೇ?
4. ಟಾರ್ಚ್, ಕುಡಿಯುವ ನೀರು, ಹಿರಿಯರ ಬಿಪಿ-ಶುಗರ್ ಮಾತ್ರೆ ಕೈಗೆ ಸಿಗುವಂತಿವೆಯೇ?
5. ತಾರಸಿಯ ಕೊಳವೆ, ಮನೆ ಮುಂದಿನ ಚರಂಡಿ ಸ್ವಚ್ಛವಾಗಿವೆಯೇ? ಶೀಟಿನ ಮೇಲೆ ಬರೀ ಕಲ್ಲು ಹೇರಿದ್ದರೆ ಗಾಳಿಗೆ ಆ ಕಲ್ಲೂ ಬೀಳುತ್ತದೆ, ಬೋಲ್ಟ್ ಹಾಕಿಸಿ.

ಬಿದ್ದ ತಂತಿಯನ್ನು ಕಂಡರೆ ಕನಿಷ್ಠ ಹತ್ತು ಮೀಟರ್ ದೂರ ನಿಂತು, ಬೇರೆಯವರನ್ನೂ ತಡೆದು, 1912ಕ್ಕೆ ಕರೆ ಮಾಡಿ. ಪೊಲೀಸ್, ಅಗ್ನಿಶಾಮಕ ನೆರವಿಗೆ 112, ಆಂಬುಲೆನ್ಸ್‌ಗೆ 108. ಫೋನಿನಲ್ಲಿ ಉಳಿಸಿಕೊಂಡರಷ್ಟೇ ಸಾಲದು. ದೊಡ್ಡ ಅಂಕಿಗಳಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ನೀವು ಕಾಲೇಜಿನಲ್ಲಿರುವಾಗ ಮನೆಯಲ್ಲಿ ಒಬ್ಬರೇ ಇರುವವರಿಗೂ ಅದು ಕಾಣಲಿ.